ಅವಳ ಶ್ರುತಿಯ ಪೆಟ್ಟಿಗೆ

ಮಾರ್ಚ್ ೩, ಸೋಮವಾರ

ಮಗಳು ಹೋದ ಮೇಲೆ ನನ್ನ ಬಾಯಿಗೆ ಕೆಲಸವಿಲ್ಲ. ಬಯ್ದರೆ ನಗುತ್ತಿದ್ದವಳು ಅವಳೊಬ್ಬಳೇ. ಉಳಿದವರು ಮುಖ ಊದಿಸಿಕೊಳ್ಳುತ್ತಾರೆ. ಅದಕ್ಕೇ ಮೊಮ್ಮಗಳು ಬರೆಯದೆ ಬಿಟ್ಟಿದ್ದ ಈ ಡೈರಿ ಎತ್ತಿಕೊಂಡೆ. ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ. ಓದುವವರು ಯಾರೂ ಇಲ್ಲ, ಡೊಂಕಾದರೆ ಆಗಲಿ.

ಜ್ವರ ಬಿಟ್ಟ ಮೇಲೆ ಇವತ್ತೇ ಅಂಗಡಿಗೆ ಇಳಿದು ಕೂತದ್ದು. ಬಲಗಿವಿಯಲ್ಲಿ ಇನ್ನೂ ದೂರದಲ್ಲೆಲ್ಲೋ ಗಿರಣಿ ಓಡುವ ಸದ್ದು. ಎಡಗಿವಿ ಚಿಕ್ಕಂದಿನಲ್ಲೇ ಸೋರಿ ಸೋರಿ ಕೆಟ್ಟದ್ದು, ಅದಕ್ಕೆ ಲೋಕವೆಲ್ಲ ಗೋಡೆಯಾಚೆ. ಬಲಗಿವಿ ಒಂದೇ ನನ್ನ ಆಸ್ತಿ. ಯಜಮಾನರು ಈ ಹಾರ್ಮೋನಿಯಂ ರಿಪೇರಿ ಅಂಗಡಿ ಇಟ್ಟಾಗಲೇ ಕಟ್ಟಳೆ ಮಾಡಿದ್ದರು: ಶ್ರುತಿ ಯಾರೇ ಕೂಡಿಸಲಿ, ನಾನು ಕೇಳಿ ಮುಚ್ಚಳದ ಮೇಲೆ ಗೆಣ್ಣಿನಿಂದ ಎರಡು ಸಲ ಕುಟ್ಟದೆ ಯಾವ ಪೆಟ್ಟಿಗೆಯೂ ಹೊಸಿಲು ದಾಟಬಾರದು. ಅವರು ಹೋದರು, ಕಟ್ಟಳೆ ಉಳಿಯಿತು.

ಅರದವನು ಎಂದಿನಂತೆ ತಲೆ ತಗ್ಗಿಸಿ, ಸ್ವರ ಹೊರಡಿಸುವ ಹಿತ್ತಾಳೆ ರೀಡಿಗೆ ಅರ ತಿಕ್ಕುತ್ತಿದ್ದ. ಮಗಳನ್ನು ಕೊಟ್ಟ ತಪ್ಪಿಗೆ ಅಳಿಯ ಅನ್ನಬೇಕು. ನಾನು ಅನ್ನುವುದಿಲ್ಲ. ಹೆಂಡತಿಯನ್ನು ಮಣ್ಣಿಗೆ ಕೊಟ್ಟು ಬಂದ ಮೂರನೇ ದಿನಕ್ಕೇ ಆ ಹಲಗೆಯ ಮುಂದೆ ಕೂತವನು. ಕಣ್ಣಲ್ಲಿ ಒಂದು ಹನಿ ಇಲ್ಲ. ಅವನಿಂದ ಉದುರುವುದು ಹಿತ್ತಾಳೆ ಪುಡಿ ಮಾತ್ರ.

ಮಧ್ಯಾಹ್ನ ಅವನ ತಟ್ಟೆಯನ್ನು ಸ್ವಲ್ಪ ಜೋರಾಗೇ ಇಟ್ಟೆ. ಎತ್ತಿಕೊಂಡು ತಿಂದ. ಕಲ್ಲು.

ಮಾರ್ಚ್ ೫, ಬುಧವಾರ

ಹೊಟ್ಟೆಗೆ ಬೆಂಕಿ ಬಿದ್ದಿದೆ.

ದಿನಾ ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಅವನು ನನ್ನ ಮಗಳ ಪೆಟ್ಟಿಗೆ ತೆಗೆದು, ಮೊದಲ ಸ್ವರ ಒಂದನ್ನೇ ಒತ್ತಿ, ತಿದಿ ಮುಚ್ಚುತ್ತಾನೆ. ಧೂಳು ಹೋಗಲೆಂದು ಇರಬೇಕು. ಜ್ವರದ ಮೇಲೆ ಇವತ್ತೇ ಅದನ್ನು ಹತ್ತಿರದಿಂದ ಕೇಳಿದ್ದು. ಕಿವಿಗೆ ಬಿದ್ದದ್ದೇ ತಡ, ಕಾಫಿ ಲೋಟ ಅಲ್ಲೇ ಇಟ್ಟು ಎದ್ದೆ. ಸ್ವರ ಏರಿ ಕೂತಿದೆ!

ಆ ಪೆಟ್ಟಿಗೆ ಲೋಕದಲ್ಲಿ ಒಂದೇ. ಅವಳ ಗಂಟಲು ಪೆಟ್ಟಿಗೆಯ ಬಿಳಿ ಕೀಲಿಗಳಲ್ಲಿ ಎರಡನೇ ಮನೆಗೂ ಕೂಡುತ್ತಿರಲಿಲ್ಲ, ಅದರ ಹಿಂದಿನ ಕರಿ ಮನೆಗೂ ಕೂಡುತ್ತಿರಲಿಲ್ಲ. ನಡುವೆ ಎಲ್ಲೋ ಕಾಲು ಮಡಿಚಿಕೊಂಡು ಕೂತಿತ್ತು. ಮದುವೆಯಾದ ಹೊಸತರಲ್ಲಿ ಇವನು ಒಂದು ಹಳೇ ಪೆಟ್ಟಿಗೆಯ ಅಷ್ಟೂ ರೀಡು ತಿಕ್ಕಿ ಅವಳ ಗಂಟಲಿಗೆ ಕೂಡಿಸಿದ್ದ. ಬೇರೆ ಯಾವ ವಾದ್ಯದ ಜೊತೆಗೂ ಸೇರದು. “ಇದೆಂಥ ಕೆಲಸವೋ, ಯಾರೂ ಕೊಳ್ಳಲ್ಲ ಇದನ್ನ” ಎಂದಿದ್ದೆ. “ಅದಕ್ಕೇ ಮಾಡಿದ್ದು ಅತ್ತೆ” ಎಂದಿದ್ದ. ಹಾಡಲು ಕೂತಾಗಲೆಲ್ಲ ಅವಳಿಗೆ ಅದೇ ಬೇಕು.

ಈಗ ಅವಳಿಲ್ಲ. ಅವಳ ಶ್ರುತಿ ಇರುವುದು ಆ ಹಿತ್ತಾಳೆ ನಾಲಿಗೆಗಳಲ್ಲಿ ಮಾತ್ರ.

“ಏನೋ ಇದು? ಅವಳ ಪೆಟ್ಟಿಗೆಯನ್ನೂ ಕೆಡಿಸಿಟ್ಟೆಯಾ?”

“ನಾನು ಮುಟ್ಟಿಲ್ಲ ಅತ್ತೆ. ಸರಿಯಾಗೇ ಇದೆ ಅನ್ನಿಸುತ್ತೆ.”

“ಅನ್ನಿಸುತ್ತಂತೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಅನ್ನಿಸಿಕೆ ಯಾರು ಕೇಳಿದರು? ಏರಿದೆ. ಬುಡಕ್ಕೆ ಅರ ಹಾಕು.”

ರೀಡಿನ ತುದಿ ತಿಕ್ಕಿದರೆ ಸ್ವರ ಏರುತ್ತದೆ, ಬುಡ ತಿಕ್ಕಿದರೆ ಇಳಿಯುತ್ತದೆ. ಅವನು ರೀಡು ಬಿಚ್ಚಿ ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಿದ್ದ. ಮೊಮ್ಮಗಳು ಕಾಲೇಜಿಗೆ ಹೊರಟವಳು ಬಾಗಿಲಲ್ಲೇ ನಿಂತಳು.

“ಅಜ್ಜಿ, ಬೇಡ. ಅಮ್ಮನ ಶ್ರುತಿ ಅದೇ.”

“ನಿನ್ನಮ್ಮನನ್ನ ಹೆತ್ತವಳು ನಾನು. ಅವಳ ಮೊದಲ ಅಳು ಯಾವ ಸ್ವರದಲ್ಲಿತ್ತು ಅಂತ ಕೇಳು, ಹೇಳ್ತೀನಿ. ನೀನು ಕಾಲೇಜಿಗೆ ನಡಿ.”

ಅವನು ತಿಕ್ಕಿದ. “ಇನ್ನೂ” ಎಂದೆ. ತಿಕ್ಕಿದ. “ಇನ್ನೂ ಸ್ವಲ್ಪ.” ಕೊನೆಗೆ ನನ್ನ ಮಗಳು ಬಂದು ಕಿವಿಯಲ್ಲಿ ಕೂತಳು. ಅದೇ, ಅದೇ ಸ್ವರ. ಕಣ್ಣು ಮುಚ್ಚಿ ಕುಟ್ಟಿದೆ.

ಮೊದಲ ಸ್ವರ ಇಳಿದ ಮೇಲೆ ಉಳಿದವೂ ಅದರ ಹಿಂದೆ ಇಳಿಯಬೇಕು. ಇಡೀ ಪೆಟ್ಟಿಗೆ ಹೊಸದಾಗಿ ಕೂಡಿಸು ಅಂತ ಹೇಳಿ ಬಂದಿದ್ದೇನೆ.

ಮಾರ್ಚ್ ೧೧, ಮಂಗಳವಾರ

ಪೆಟ್ಟಿಗೆ ಮುಗಿಸಿದ್ದಾನೆ. ಬೇರೆಯವರ ಕೆಲಸ ಬದಿಗಿಟ್ಟು ಇದನ್ನೇ ಹಿಡಿದು ಕೂತಿದ್ದ. ಆಗಲಿ, ಅಷ್ಟಾದರೂ ಮಾಡಲಿ.

ಮೊಮ್ಮಗಳ ದನಿ ಒಡೆದು ಎರಡಾಗಿದೆ, ಶೀತವಿರಬೇಕು. ಬಿಸಿನೀರು ಕುಡಿ ಎಂದರೆ “ನನಗೇನಾಗಿದೆ ಅಜ್ಜಿ?” ಎನ್ನುತ್ತಾಳೆ. ಪಕ್ಕದ ಮನೆಯ ಗೋಡೆ ಗಡಿಯಾರಕ್ಕೂ ಶೀತ. ಒಂದು ಹೊಡೆತಕ್ಕೆ ಎರಡು ಸದ್ದು, ಒಂದರ ಬೆನ್ನಿಗೆ ಒಂದು ಅಂಟಿಕೊಂಡು.

ಮಾರ್ಚ್ ೧೨, ಬುಧವಾರ

ಹಾಡಿನ ಟೀಚರಮ್ಮ ಬಂದಿದ್ದಳು. ಹೋದ ವಾರ ನಾನೇ ಕುಟ್ಟಿ ಕಳಿಸಿದ್ದ ಪೆಟ್ಟಿಗೆಯನ್ನು ಹೊತ್ತುಕೊಂಡು.

“ಅಮ್ಮಾ, ಇದರ ಜೊತೆ ಮಕ್ಕಳು ಹಾಡಿದರೆ ದನದ ಕೊಟ್ಟಿಗೆ ಹೊಕ್ಕ ಹಾಗಾಗುತ್ತೆ. ಮೇಲಿನ ಮನೆಗಳು ಸರಿ ಇವೆ, ಕೆಳಗಿನವು ಒಂದೊಂದೂ ಒಂದೊಂದು ದಿಕ್ಕಿಗೆ.”

“ಮಕ್ಕಳ ಗಂಟಲು ನೋಡ್ಕೊಳ್ಳಮ್ಮ ಮೊದಲು.” ಎಂದು ಬಾಯಿ ಬಿಟ್ಟೆ, ಅಷ್ಟರಲ್ಲಿ ಅರದವನು ಎದ್ದು ನಿಂತ.

“ತಪ್ಪು ನನ್ನದು ಟೀಚರ್. ಕೈ ಹೆಚ್ಚು ಹೋಗಿದೆ. ನಾಳಿದ್ದು ಬನ್ನಿ.”

ಟೀಚರಮ್ಮ ಹೋದ ಮೇಲೆ ಮೊಮ್ಮಗಳು ಫೋನಿನಲ್ಲಿ ಏನೋ ಒತ್ತಿ, ಕೊಳಲಿನಂಥ ಒಂದೇ ಸ್ವರ ಬರುವಂತೆ ಮಾಡಿ, ನನ್ನ ಎಡಗಿವಿಗೆ ಒತ್ತಿ ಹಿಡಿದಳು. ದೂರದಿಂದ ಕೇಳಿತು. ಅದನ್ನೇ ಬಲಗಿವಿಗೆ ತಂದಳು.

“ಯಾಕೆ ಏರಿಸಿದೆ?”

“ಏರಿಸಿಲ್ಲ ಅಜ್ಜಿ. ಅದೇ ಸ್ವರ.”

ಮತ್ತೆ ಎಡಕ್ಕೆ. ಮತ್ತೆ ಬಲಕ್ಕೆ. ಅವಳ ಬೆರಳು ಫೋನಿನ ಮೇಲೆ ಅಲುಗಲೇ ಇಲ್ಲ, ನಾನು ನೋಡುತ್ತಲೇ ಇದ್ದೆ.

ನೆಲ ಡೊಂಕಿರಲಿಲ್ಲ.

ಮಾರ್ಚ್ ೧೯, ಬುಧವಾರ

ಕಿವಿ ಆಸ್ಪತ್ರೆಗೆ ಅವನೇ ಕರೆದುಕೊಂಡು ಹೋದ. ಗೋಡೆಗೆಲ್ಲ ಮೆತ್ತೆ ಹೊಡೆದ ಒಂದು ಕೋಣೆ, ಬೀರುವಿನಷ್ಟು ದೊಡ್ಡದು. ಕಿವಿಗೆ ಮುಚ್ಚಳ ಹಾಕಿ, ಸದ್ದು ಬಂದಾಗ ಗುಂಡಿ ಒತ್ತು ಅಂದರು. ಬಂದದ್ದಕ್ಕೂ ಒತ್ತಿದೆ, ಬಂದಂತಾದದ್ದಕ್ಕೂ ಒತ್ತಿದೆ. ಪರೀಕ್ಷೆ ಮಾಡುವ ಹುಡುಗಿ ಒಳ್ಳೆಯವಳು, ಬಯ್ಯಲಿಲ್ಲ.

“ಕಿವಿಯೊಳಗೆ ಬಸವನಹುಳುವಿನ ಚಿಪ್ಪಿನ ಹಾಗೆ ಒಂದು ಸುರುಳಿ ಇದೆ ಅಜ್ಜಿ” ಎಂದಳು. ನಾಲಿಗೆಯಲ್ಲಿ ಚೇಳಿದೆ ಅಂತ ಎಲ್ಲರೂ ಹೇಳುತ್ತಿದ್ದರು. ಕಿವಿಯಲ್ಲಿ ಬಸವನಹುಳು ಇರುವುದು ಇವತ್ತು ಗೊತ್ತಾಯಿತು. ಆ ಸುರುಳಿಯ ಉದ್ದಕ್ಕೂ ಕಣ್ಣಿಗೆ ಕಾಣದಂಥ ಸಣ್ಣ ರೋಮಗಳಂತೆ. ಬಾಗಿಲ ಹತ್ತಿರದವು ಕೀರಲು ಸ್ವರಕ್ಕೆ, ಒಳಗೆ ಹೋದಷ್ಟೂ ದಪ್ಪ ಸ್ವರಕ್ಕೆ. ಯಾವ ಜಾಗದವು ಅಲುಗಿದವೋ ಅದರ ಮೇಲೆ ಮಿದುಳು ಸ್ವರ ಗುರುತು ಹಿಡಿಯುತ್ತದಂತೆ.

“ಹಾರ್ಮೋನಿಯಂ ಮನೆಗಳನ್ನ ಸುರುಳಿ ಸುತ್ತಿಟ್ಟ ಹಾಗೆ ಅನ್ನು.”

“ಸುಮಾರಾಗಿ ಹಾಗೇ. ನಿಮ್ಮ ಬಲಗಿವಿಯಲ್ಲಿ ಒಳಗಿನ ಕೆಲವು ಮನೆ ಹಾಳಾಗಿವೆ. ಜ್ವರದಲ್ಲಿ ಆಗಿರಬೇಕು. ಅವುಗಳ ಸ್ವರ ಬಂದಾಗ ಪಕ್ಕದವು ಎದ್ದು ಉತ್ತರ ಕೊಡ್ತಿವೆ. ಅದಕ್ಕೇ ಏರಿದ ಹಾಗೆ ಕೇಳಿಸೋದು.”

ಸತ್ತವರ ಮನೆ ಬಾಗಿಲು ತಟ್ಟಿದರೆ ಪಕ್ಕದ ಮನೆಯವಳು “ಯಾರು?” ಎಂದ ಹಾಗೆ.

“ಮತ್ತೆ ಬೆಳೆಯುತ್ತವಾ?”

“ಇಲ್ಲ ಅಜ್ಜಿ.”

ವಾಪಸು ಬರುವಾಗ ಬಸ್ಸಿನಲ್ಲಿ ನಾನೇ ಕೇಳಿದೆ.

“ಅವತ್ತು ಅವಳ ಪೆಟ್ಟಿಗೆ ಸರಿ ಇತ್ತು ಅಲ್ವೇನೋ?”

ಕಿಟಕಿಯಾಚೆ ನೋಡುತ್ತಿದ್ದ. “ಇತ್ತು ಅತ್ತೆ, ಅನ್ನಿಸುತ್ತೆ.”

“ಮತ್ತೆ ಯಾಕೆ ತಿಕ್ಕಿದೆ? ಬಾಯಿ ಇರಲಿಲ್ವಾ?”

“ನಿಮ್ಮ ಕಿವಿ ತಪ್ಪಿದ್ದು ನಾನು ಯಾವತ್ತೂ ನೋಡಿಲ್ಲ. ನನ್ನದೇ ಕೆಟ್ಟಿದೆ ಅಂದ್ಕೊಂಡೆ. ಅವಳು ಹೋದ ಮೇಲೆ ನನಗೆ ಯಾವುದೂ ಸರಿಯಾಗಿ ಕೇಳಿಸ್ತಾ ಇರಲಿಲ್ಲ.”

ನಮ್ಮ ನಿಲ್ದಾಣ ಬಂದಾಗ ಕೈ ಹಿಡಿದು ಇಳಿಸಿದ. ಕೈ ಒರಟು. ಹಿತ್ತಾಳೆ ವಾಸನೆ.

ಮಾರ್ಚ್ ೨೭, ಗುರುವಾರ

ಅವಳ ಪೆಟ್ಟಿಗೆಯ ಮೊದಲ ರೀಡನ್ನು ಅಂದಾಜಿನ ಮೇಲೆ ಹಿಂದಿನ ಜಾಗಕ್ಕೆ ಏರಿಸಲು ತುದಿ ತಿಕ್ಕಿದ. ಬುಡ ಆಗಲೇ ಸವೆದಿತ್ತು. ಟಿಂಗ್ ಎಂದಿತು. ನಾಲಿಗೆ ಮುರಿದು ಹಲಗೆಯ ಮೇಲೆ ಬಿತ್ತು.

ಅವನು ಅದನ್ನು ಅಂಗೈಯಲ್ಲಿ ಹಿಡಿದು ಕೂತಿದ್ದ. ನಾನು “ಊಟಕ್ಕೆ ಬಾ” ಎಂದೆ. ಬರಲಿಲ್ಲ. ನನಗೂ ಸೇರಲಿಲ್ಲ.

ಏಪ್ರಿಲ್ ೪, ಶುಕ್ರವಾರ

ಬೇರೆ ರೀಡು ಹಾಕಬಹುದು. ಹಳೇ ಪೆಟ್ಟಿಗೆಗಳ ರೀಡು ಡಬ್ಬಿ ತುಂಬ ಇವೆ. ಆದರೆ ಯಾವ ಶ್ರುತಿಗೆ ಕೂಡಿಸುವುದು? ನಾನು ಅಷ್ಟೂ ಮನೆಗಳನ್ನು ಇಳಿಸಿಬಿಟ್ಟಿದ್ದೇನೆ. ಹಳೆಯದರ ಗುರುತು ಹೇಳಲು ಒಂದೇ ಒಂದು ರೀಡು ಉಳಿದಿಲ್ಲ. ಅವಳು ಹಾಡಿದ್ದನ್ನು ಹಿಡಿದಿಟ್ಟವರಿಲ್ಲ. ಮನೆಯಲ್ಲೇ ಇದ್ದಾಳಲ್ಲ, ಯಾಕೆ ಹಿಡಿದಿಡಬೇಕು ಎಂದುಕೊಂಡಿದ್ದೆವು.

ಸಂಜೆ ಲೋಟ ತರಲು ಅಂಗಡಿಗೆ ಇಳಿದೆ. ಅವನು ನನಗೆ ಬೆನ್ನು ಹಾಕಿ ಫೋನನ್ನು ಕಿವಿಗೆ ಹಿಡಿದಿದ್ದ. ಸದ್ದು ಹೊರಗೂ ಬರುತ್ತಿತ್ತು. “ಬರುವಾಗ ಬ್ರೆಡ್ ತಗೊಂಡು ಬಾ. ಮರೀಬೇಡ. ಮರೆತರೆ ಅಮ್ಮನ ಹತ್ರ ನೀನೇ ಬೈಸ್ಕೋ.” ಮುಗಿಯಿತು. ಮತ್ತೆ ಹಾಕಿದ. “ಬರುವಾಗ ಬ್ರೆಡ್...”

ನನ್ನನ್ನು ಕಂಡಾಗ ಕಳ್ಳನಂತೆ ಜೇಬಿಗಿಟ್ಟುಕೊಂಡ.

“ಕೊಡೋ ಇಲ್ಲಿ.”

ಬಲಗಿವಿಗೆ ಹಿಡಿದೆ. ಮಗಳು ಎಂದೋ ಅವನ ಫೋನಿಗೆ ಕಳಿಸಿದ್ದ ಮಾತು. ಮಾತು ಅವಳದು, ಸಿಡುಕು ನನ್ನದು, ದನಿ ಮಾತ್ರ ಯಾರದೋ. ಯಾರೋ ಒಬ್ಬಳು ನನ್ನ ಮಗಳ ಮಾತನ್ನು ಕದ್ದು ಆಡುತ್ತಿದ್ದಾಳೆ. ಎಡಗಿವಿಗೆ ಹಿಡಿದೆ. ಇರುವೆ ನಡೆದಷ್ಟು ಸದ್ದು.

“ಇದರಲ್ಲಿ ಶ್ರುತಿ ಸಿಗಲ್ವೇನಪ್ಪಾ?”

“ನೋಡಿದೆ ಅತ್ತೆ. ಇದು ಮಾತು. ಮಾತು ಮೇಲೆ ಕೆಳಗೆ ಓಡಾಡುತ್ತೆ, ಒಂದು ಕಡೆ ನಿಲ್ಲಲ್ಲ. ಅವಳು ಹಾಡೋಕೆ ಎಲ್ಲಿ ನಿಲ್ತಿದ್ದಳು ಅಂತ ಇದರಿಂದ ಗೊತ್ತಾಗಲ್ಲ.”

ದಿನಾ ಕೇಳುತ್ತಾನೇನೋ. ಫೋನು ವಾಪಸು ಕೊಡುವಾಗ ಸೆರಗಿನಿಂದ ಒರೆಸಿ ಕೊಟ್ಟೆ.

ಏಪ್ರಿಲ್ ೫, ಶನಿವಾರ

ಬ್ರೆಡ್ ತಂದಿದ್ದಾನೆ. ಯಾರೂ ಹೇಳಿರಲಿಲ್ಲ. ಯಾರೂ ತಿನ್ನಲಿಲ್ಲ.

ಏಪ್ರಿಲ್ ೧೮, ಶುಕ್ರವಾರ

ಎಡಗಿವಿಗೆ ಯಂತ್ರ ಹಾಕಿ ನೋಡಿದರು. ಮಾತು ಸಲೀಸಾಗಿ ಕೇಳುತ್ತದೆ, ಬಾಗಿಲಾಚೆಯ ಪಿಸುಮಾತೂ ಕೇಳುತ್ತದೆ, ಮೊಮ್ಮಗಳಿಗೆ ಸಂಕಟ. ಸ್ವರ ಮಾತ್ರ ತಗಡಿನ ಡಬ್ಬಿಯಲ್ಲಿ ಜೇನ್ನೊಣ ಬಿಟ್ಟ ಹಾಗೆ. “ಇದು ಮಾತಿಗಾಗಿ ಮಾಡಿದ್ದು ಅಜ್ಜಿ, ಸಂಗೀತಕ್ಕೆ ಅಷ್ಟು ಒಗ್ಗಲ್ಲ” ಎಂದಳು ಪರೀಕ್ಷೆಯ ಹುಡುಗಿ.

ನಾನು ಅವಳಿಗೆ ಪೆಟ್ಟಿಗೆಯ ಕಥೆ ಹೇಳಿದೆ. ಹೇಳಬಾರದೆಂದುಕೊಂಡೇ ಹೇಳಿದೆ. ಅವಳು ಯಂತ್ರ ಕೆಳಗಿಟ್ಟು ಕೇಳಿದಳು: “ನಿಮ್ಮ ಮಗಳ ಹಾಡನ್ನ ದಿನಾ ಕೇಳಿದವರು ಬೇರೆ ಯಾರಿದ್ದಾರೆ?”

“ಮೊಮ್ಮಗಳಿದ್ದಾಳೆ.”

“ದಿನಾ ಒಂದೇ ಶ್ರುತಿಯಲ್ಲಿ ಕೇಳಿದ ಹಾಡನ್ನ ಎಷ್ಟೋ ಜನ ಆ ಶ್ರುತಿಯ ಹತ್ತಿರದಲ್ಲೇ ನೆನಪಿಟ್ಟುಕೊಂಡಿರ್ತಾರೆ. ತಮಗೆ ಗೊತ್ತಿಲ್ಲದೇನೇ. ಕೇಳಿ ನೋಡಿ. ಸಿಗುತ್ತೆ ಅಂತ ಹೇಳಲಾರೆ.”

ಮನೆಗೆ ಬಂದವಳೇ ಮೊಮ್ಮಗಳನ್ನು ಕೂರಿಸಿ “ನಿನ್ನಮ್ಮ ಹಾಡ್ತಿದ್ದ ಹಾಗೆ ಹಾಡು” ಎಂದೆ. ಹಾಡಿದಳು. ಅವಳಪ್ಪ ಸ್ವರ ಎಷ್ಟು ಎತ್ತರದಲ್ಲಿದೆ ಎಂದು ಫೋನಿನಲ್ಲಿ ಅಳೆದು ಗುರುತು ಹಾಕಿಕೊಂಡ. ಇನ್ನೊಮ್ಮೆ ಹಾಡಿದಳು, ಗುರುತು ಬೇರೆ. ಮತ್ತೊಮ್ಮೆ, ಮತ್ತೂ ಬೇರೆ.

“ನೆನಪಿದೆ ಅಜ್ಜಿ, ಬಾಯಿ ತೆರೆದ ತಕ್ಷಣ ಹೋಗುತ್ತೆ” ಎಂದು ಅತ್ತಳು.

“ಅಳಬೇಡ. ಕೆಡಿಸಿದವಳು ನಾನಿದ್ದೀನಿ ಅಳೋಕೆ” ಎಂದೆ. ಗದರಬೇಕೆಂದಿದ್ದೆ, ಹಾಗೆ ಬಂತು.

ಮೇ ೨, ಶುಕ್ರವಾರ

ಇವತ್ತಿನದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮೊಮ್ಮಗಳ ತಲೆ ಗೂಡಾಗಿತ್ತು. ಅವಳಮ್ಮ ಹೋದ ಮೇಲೆ ಆ ಕೂದಲಿಗೆ ದಿಕ್ಕಿಲ್ಲ. ತಾನೇ ಎಳೆದು ಒಂದು ರಬ್ಬರು ಸುತ್ತಿಕೊಂಡು ಓಡುತ್ತಾಳೆ. ಬೆಳಿಗ್ಗೆ ಹಿಡಿದು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿ, ನಾನು ಮೇಲಿನ ಮೆಟ್ಟಿಲಲ್ಲಿ ಕೂತು ಬಾಚಣಿಗೆ ಹಾಕಿದೆ.

“ಅಯ್ಯೋ ಅಜ್ಜಿ, ನಿಧಾನ! ಕೂದಲು ಬಾಚ್ತಿದ್ದೀಯೋ ಕಳೆ ಕೀಳ್ತಿದ್ದೀಯೋ?”

“ಕಳೆಯೇ ಬೆಳೆದಿದೆ, ಏನು ಮಾಡಲಿ? ಕತ್ತು ನೇರ ಇಟ್ಕೋ.”

ಸಿಕ್ಕು ಬಿಡಿಸಿದೆ. ಎಣ್ಣೆ ಹಚ್ಚಿದೆ. ಬೈತಲೆ ತೆಗೆದು ಮೂರು ಎಳೆ ಮಾಡಿ ಹೆಣೆಯತೊಡಗಿದೆ. ಹುಡುಗಿಯ ಭುಜ ಇಳಿಯಿತು, ತಲೆ ನನ್ನ ಮೊಣಕಾಲಿಗೆ ಒರಗಿತು. ಆಮೇಲೆ ನನ್ನ ಮೊಣಕಾಲಿನಲ್ಲಿ ಏನೋ ಗುಂಯ್‌ಗುಟ್ಟಿತು. ಕಿವಿಗೆ ಬರುವ ಮೊದಲು ಮೂಳೆಗೆ ಬಂತು. ಬಾಯಿ ಮುಚ್ಚಿಕೊಂಡೇ ಗುನುಗುತ್ತಿದ್ದಳು. ಜಡೆ ಹಾಕುವಾಗ ನನ್ನ ಮಗಳು ಗುನುಗುತ್ತಿದ್ದ ರಾಗ. ಎಷ್ಟು ವರ್ಷ, ಒಂದು ದಿನ ತಪ್ಪದೆ, ಇದೇ ಮೆಟ್ಟಿಲ ಮೇಲೆ, ಮಗಳ ಮುಂದೆ ಈ ಹುಡುಗಿ.

ಹಾಡುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ನಾನು ಕೈ ನಿಲ್ಲಿಸಲಿಲ್ಲ. ಕಣ್ಣೆತ್ತಿ ಅಳಿಯನ ಕಡೆ ನೋಡಿದೆ. ಅವನು ಆಗಲೇ ಅರ ಕೆಳಗಿಟ್ಟು ಫೋನು ತೆಗೆದು ಗುರುತು ಹಾಕುತ್ತಿದ್ದ. ಜಡೆ ಮುಗಿಯಿತು. ಮುಗಿದದ್ದನ್ನು ಬಿಚ್ಚಿ ಮತ್ತೆ ಹಾಕಿದೆ. “ಸರಿಯಾಗಲಿಲ್ಲ ಕಣೇ” ಎಂದೆ. ಮತ್ತೆ ಗುನುಗಿದಳು. ಅವನು ಗುರುತು ನೋಡಿ ನನ್ನತ್ತ ತಲೆಯಾಡಿಸಿದ. ಅದೇ ಜಾಗ. ಇನ್ನೊಮ್ಮೆ ಬಿಚ್ಚಿದೆ. ಅದೇ ಜಾಗ.

ಮಧ್ಯಾಹ್ನವೆಲ್ಲ ಅವನು ಒಂದು ಹಳೇ ರೀಡು ತಿಕ್ಕಿದ. ಎರಡು ಸಲ ಅರ ಎಳೆದು, ಒತ್ತಿ ಕೇಳಿ, ಮತ್ತೆ ಒಂದು ಸಲ ಎಳೆದು. ಇಷ್ಟು ಮೆಲ್ಲಗೆ ತಿಕ್ಕಿದ್ದನ್ನು ನಾನು ನೋಡಿರಲಿಲ್ಲ; ಕೂಸಿನ ಉಗುರು ಕತ್ತರಿಸುವವರ ಹಾಗೆ. ಸಂಜೆ ರೀಡು ಕೂರಿಸಿ ಪೆಟ್ಟಿಗೆಯನ್ನು ನನ್ನ ಮುಂದಿಟ್ಟ.

“ಅತ್ತೆ, ಕೇಳಿ.”

“ನನ್ನನ್ಯಾಕೋ ಕೇಳ್ತೀಯಾ? ಕಿವುಡಿಯ ಮುಂದೆ ಕಿನ್ನರಿ.”

“ನೀವು ಕುಟ್ಟದೆ ಇದು ಮುಗಿಯಲ್ಲ.”

ಒತ್ತಿದ. ನಾನು ಕಿವಿಯ ಯಂತ್ರ ತೆಗೆದಿಟ್ಟು ಮುಚ್ಚಳಕ್ಕೆ ತಲೆ ಹಚ್ಚಿದೆ. ಮರದಿಂದ ಮೂಳೆಗೆ ಬಂದದ್ದು ಒಬ್ಬಳಲ್ಲ, ಇಬ್ಬರು. ಒಬ್ಬಳು ಎಡಗಿವಿಯಲ್ಲಿ, ಬಹಳ ದೂರದಲ್ಲಿ, ಗೋಡೆಯಾಚೆ. ಇನ್ನೊಬ್ಬಳು ಬಲಗಿವಿಯಲ್ಲಿ, ಹತ್ತಿರದಲ್ಲಿ, ಗಟ್ಟಿಯಾಗಿ, ಅವಳ ಮಾತನ್ನು ಮುಚ್ಚಿ ಹಾಕುತ್ತಾ. ಹತ್ತಿರದವಳನ್ನು ಬದಿಗೆ ತಳ್ಳಿ ಆಚೆಯವಳನ್ನು ಹಿಡಿಯಲು ನೋಡಿದೆ. ಆಗಲಿಲ್ಲ. ಹತ್ತಿರದವಳು ಬಾಗಿಲಿಗೆ ಅಡ್ಡ ನಿಂತೇ ಇದ್ದಳು.

ತಲೆ ಎತ್ತಿದೆ. ಅವನ ಬೆರಳು ಮನೆಯ ಮೇಲೆ ಹಾಗೇ ಇತ್ತು. ತಿದಿಯ ಗಾಳಿ ಮುಗಿದು ಸ್ವರ ನಿಂತಿತ್ತು, ಬೆರಳು ಎತ್ತಿರಲಿಲ್ಲ. ಮುಖ ಪೂರ್ತಿ ಒದ್ದೆ. ಒರೆಸಿಕೊಳ್ಳಬೇಕೆಂದೂ ತೋಚದೆ, ಸಣ್ಣ ಮಕ್ಕಳ ಹಾಗೆ, ಬಾಯಿ ಅರ್ಧ ತೆರೆದುಕೊಂಡು.

ಆ ಮುಖ ನೋಡಿ ಗೊತ್ತಾಯಿತು.

“ಅಮ್ಮನದೇನಾ ಅಜ್ಜಿ?” ಎಂದಳು ಮೊಮ್ಮಗಳು.

“ಅವಳದೇ. ಇನ್ಯಾರದು?”

ಮುಚ್ಚಳದ ಮೇಲೆ ಎರಡು ಸಲ ಕುಟ್ಟಿದೆ. ಕುಟ್ಟಿದ್ದು ಕೇಳಿತು.

ಮೇ ೯, ಶುಕ್ರವಾರ

ಉಳಿದ ರೀಡುಗಳೂ ಆ ಮೊದಲ ಸ್ವರದ ಹಿಂದೆ ಒಂದೊಂದಾಗಿ ಮೇಲೇರುತ್ತಿವೆ. ಇನ್ನೆರಡು ಮುರಿದವು, ಡಬ್ಬಿಯಿಂದ ಬೇರೆ ಹಾಕಿದ. ಗಿರಾಕಿಗಳ ಪೆಟ್ಟಿಗೆಗೆ ಈಗ ಮೊಮ್ಮಗಳು ಕುಟ್ಟುತ್ತಾಳೆ. ಗೆಣ್ಣು ಮೆತ್ತಗೆ, ಬಾಗಿಲು ತಟ್ಟಲು ನಾಚುವ ನೆಂಟರ ಹಾಗೆ. “ಗಟ್ಟಿಯಾಗಿ ಕುಟ್ಟೇ, ಅನುಮಾನ ಇದ್ದವರ ಹಾಗೆ ಕುಟ್ಟಬೇಡ” ಎಂದೆ. ಜಡೆ ನಾನೇ ಹಾಕುತ್ತೇನೆ, ಬೇಡ ಎಂದರೂ ಬಿಡುವುದಿಲ್ಲ.

ಅಳಿಯ ರಾತ್ರಿ ಊಟಕ್ಕೆ ತಡ ಮಾಡುತ್ತಾನೆ. ಅನ್ನ ಆರುತ್ತದೆ. ಅವನು ಬಂದ ಮೇಲೆಯೇ ಬಡಿಸಿಕೊಳ್ಳುವುದು, ಒಬ್ಬಳೇ ತಿಂದರೆ ಇಳಿಯುವುದಿಲ್ಲ.

ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಅವಳ ಪೆಟ್ಟಿಗೆ ತೆಗೆದು ಮೊದಲ ಸ್ವರ ಒತ್ತುತ್ತಾನೆ. ಮೊಮ್ಮಗಳು ಎಲ್ಲಿದ್ದರೂ ಬಂದು ನಿಲ್ಲುತ್ತಾಳೆ. ನಾನು ಮೆಟ್ಟಿಲ ಮೇಲೆ ಕೂತು, ಯಾರಿಗೂ ಕಾಣದ ಹಾಗೆ, ಸೆರಗು ಸರಿಮಾಡಿಕೊಳ್ಳುವವಳಂತೆ, ಬಲಗಿವಿಯನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತೇನೆ. ಯಂತ್ರ ತೆಗೆದಿಟ್ಟ ಎಡಗಿವಿಗೆ ಹೆಚ್ಚೇನೂ ಕೇಳಿಸುವುದಿಲ್ಲ. ಕೇಳಿಸದಿದ್ದರೂ ಆಗಲಿ, ಬಲಗಿವಿಯ ಆ ಬೇರೆಯವಳು ಬೇಡ.